ಪೆಟ್ರೋಲು ಸೀಮೆಎಣ್ಣೆಯಲ್ಲ

ನಮ್ಮದು ಚಳ್ಳಕೆರೆ ತಾಲ್ಲೂಕಿನಲ್ಲಿ ಮಳೆ ನಂಬಿದ ಹೊಲ, ಎಂಟು ಎಕರೆ. ಶೇಂಗಾ ಹಾಕ್ತೀವಿ, ಅಕ್ಕಡಿ ಸಾಲಿಗೆ ತೊಗರಿ. ಎತ್ತು ಇದ್ದ ಕಾಲದಲ್ಲಿ ಮನೆಗೆ ಎಣ್ಣೆ ಬೇಕಾಗಿದ್ದು ದೀಪಕ್ಕೆ ಮಾತ್ರ. ಈಗ ಬೆನ್ನಿಗೆ ಹಾಕುವ ಔಷಧಿ ಪಂಪು, ಹುಲ್ಲು ಕತ್ತರಿಸುವ ಯಂತ್ರ, ತಮ್ಮನ ಕಳೆ ತೆಗೆಯುವ ಯಂತ್ರ, ಎಲ್ಲವೂ ಪೆಟ್ರೋಲು ಕುಡಿಯುವಂಥವೇ.

ನಮ್ಮೂರಿಂದ ಬಂಕಿಗೆ 14 ಕಿ.ಮೀ. ಬಾಟ್ಲಿ ಹಿಡಕೊಂಡು ಹೋದರೆ ಹಾಕಲ್ಲ ಅಂತಾರೆ. ಹಾಗಾಗಿ ಬೈಕಿಗೆ ತುಂಬಿಸಿಕೊಂಡು ಬಂದು, ಮನೆಯಲ್ಲಿ ಪೈಪಿನಿಂದ ಎಳೆದು ಯಂತ್ರಕ್ಕೆ ಹಾಕುವುದು ರೂಢಿ. ನಿಮ್ಮೂರಲ್ಲೂ ಹೀಗೇ ಇರಬಹುದು. ಈ ಕೆಲಸದಲ್ಲಿ ನಾನು ಮಾಡಿದ ತಪ್ಪು ಇನ್ನೊಬ್ಬರು ಮಾಡಬಾರದು ಅಂತ ಇದನ್ನು ಬರೀತಾ ಇದ್ದೇನೆ.

ಆ ಸಂಜೆ ಆಗಿದ್ದು

2019ರ ಆಗಸ್ಟ್. ಶೇಂಗಾಕ್ಕೆ ಸುರುಳಿ ಪೂಚಿ ಬಿದ್ದಿತ್ತು. ಬೆಳಗಾಗುತ್ತಲೇ ಔಷಧಿ ಹೊಡೆಯೋಣ ಅಂತ ಸಂಜೆಯೇ ಪಂಪಿಗೆ ಪೆಟ್ರೋಲು ಹಾಕಲು ಕೂತೆ. ಹೊರಗೆ ತುಂತುರು ಹನೀತಿತ್ತು. ಬೈಕನ್ನು ಹಿತ್ತಲ ಪಡಸಾಲೆಗೆ ತಳ್ಳಿಕೊಂಡು ಬಂದೆ. ಹನಿ ನೀರಾವರಿಯ ಸಣ್ಣ ಪೈಪಿನ ತುಂಡು ಟ್ಯಾಂಕಿಗೆ ಬಿಟ್ಟು ಬಾಯಲ್ಲಿ ಎಳೆದೆ. ತಮ್ಮನ ಮಗ ಪಂಪಿನ ಬಾಯಿಗೆ ಲಾಳಿಕೆ ಹಿಡಿದಿದ್ದ. ಹತ್ತು ಅಡಿ ಆಚೆ ಬಚ್ಚಲ ಹಂಡೆ ಒಲೆ. ತೊಗರಿ ಕಟ್ಟಿಗೆ ಸಣ್ಣಗೆ ಉರೀತಿತ್ತು.

"ದೊಡ್ಡಪ್ಪಾ, ಒಲೆ ಆರಿಸಿ ಬರ್ಲಾ?" ಅಂತ ಹುಡುಗ ಕೇಳಿದ. "ಅಷ್ಟು ದೂರ ಐತೆ ಬಿಡೋ, ನೀನು ನೆಟ್ಟಗೆ ಹಿಡಿ" ಅಂದೆ.

ಪೈಪು ಜಾರಿ ಒಂದು ಲೋಟದಷ್ಟು ನೆಲಕ್ಕೆ ಚೆಲ್ಲಿತು. ಬಟ್ಟೆ ತರೋಣ ಅಂತ ಎದ್ದೆ. ಅಷ್ಟರಲ್ಲಿ ಒಲೆ ಕಡೆಯಿಂದ ನೆಲದ ಮೇಲೆ ನೀಲಿ ಬೆಂಕಿ ಹರಿದು ಬಂತು. ನಮ್ಮಲ್ಲಿಂದ ಒಲೆಗೆ ಹೋಗಿದ್ದಲ್ಲ, ಒಲೆಯಿಂದ ನಮ್ಮ ಕಡೆಗೆ ಬಂದಿದ್ದು. ಹುಡುಗನ ಪಾದದಿಂದ ಮೊಣಕಾಲಿನವರೆಗೆ ಹತ್ತಿಕೊಂಡಿತು. ಮನೆಯವಳು ಗಾಬರಿಯಲ್ಲಿ ಒಂದು ಕೊಡ ನೀರು ಸುರಿದಳು. ಬೆಂಕಿ ನೀರಿನ ಮೇಲೆ ತೇಲಿಕೊಂಡು ಹೊಸಿಲಿನ ತನಕ ಹೋಯಿತು. ಪಕ್ಕದ ಮನೆಯವರು ಓಡಿ ಬಂದು ಒದ್ದೆ ಗೋಣಿ ಚೀಲ ಹೊದಿಸಿ, ನೆಲಕ್ಕೆ ಮಣ್ಣು ಎರಚಿದರು. ಅವರು ಬಾರದೇ ಇದ್ದಿದ್ದರೆ ಏನಾಗ್ತಿತ್ತೋ.

ಹುಡುಗ 22 ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ, ಈಗ ಓಡಾಡ್ತಾನೆ. ಆದರೆ ಕಾಲಿನ ಚರ್ಮ ಇವತ್ತಿಗೂ ಬಿಗಿಯುತ್ತೆ. ಆ ವರ್ಷದ ಶೇಂಗಾದ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಹತ್ತು ಅಡಿ ಯಾಕೆ ಸಾಲಲಿಲ್ಲ

ನನ್ನ ತಪ್ಪಿನ ಬೇರು ಸೀಮೆಎಣ್ಣೆಯ ಅಭ್ಯಾಸ. ಹುಟ್ಟಿದಾಗಿನಿಂದ ಸೀಮೆಎಣ್ಣೆ ನೋಡಿದವರು ನಾವು. ಅದು ಚೆಲ್ಲಿದರೆ ಚೆಲ್ಲಿದ ಜಾಗದಲ್ಲೇ ಇರುತ್ತೆ. ಸುಮಾರು 35 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಮಾತ್ರ ಹತ್ತಿಕೊಳ್ಳುವಷ್ಟು ಆವಿ ಕೊಡುತ್ತೆ. ಪೆಟ್ರೋಲು ಹಾಗಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ನಮ್ಮ ಬಿಸಿಲು ಸೀಮೆಯಲ್ಲಿ ಕೇಳಬೇಕೆ?

ಉರಿಯುವುದು ಆ ಆವಿ. ಅದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹೋಗಲ್ಲ, ನೀರಿನ ಹಾಗೆ ನೆಲ ಹಿಡಿದು ತಗ್ಗಿಗೆ ಹರಿಯುತ್ತೆ. ಕಣ್ಣಿಗೆ ಕಾಣಲ್ಲ. ನಮ್ಮ ಪಡಸಾಲೆಯ ಇಳಿಜಾರು ಬಚ್ಚಲ ಕಡೆಗೇ ಇತ್ತು. ಪೆಟ್ರೋಲು ನಮ್ಮ ಕಾಲ ಹತ್ತಿರ ಇದ್ದರೂ ಅದರ ಆವಿ ಆಗಲೇ ಒಲೆ ಮುಟ್ಟಿತ್ತು. ಇದನ್ನು ನನಗೆ ತಿಳಿಸಿ ಹೇಳಿದವರು ಆಸ್ಪತ್ರೆಯಲ್ಲಿ ಪರಿಚಯವಾದ, ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು.

ಬಾಯಲ್ಲಿ ಎಳೆಯುವುದು ಬೇಡ

ಇದು ಇನ್ನೊಂದು ಕೆಟ್ಟ ಚಾಳಿ. ಒಂದು ಗುಟುಕು ಗಂಟಲಿಗೆ ಹೋದರೆ ಉಗಿದುಬಿಡ್ತೀವಿ ಅಂದುಕೊಳ್ತೀವಿ. ಕೆಮ್ಮು ಬಂದಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತೆ, ಅಲ್ಲಿ ಸ್ವಲ್ಪ ಸೇರಿದರೂ ನ್ಯುಮೋನಿಯಾ ತರುತ್ತೆ. ಯಾರಾದರೂ ನುಂಗಿದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತೆ. ನೇರ ಆಸ್ಪತ್ರೆಗೆ ಕರಕೊಂಡು ಹೋಗಿ.

ಈಗ ನಾವು ಮಾಡುವ ರೀತಿ

ಜಾಗ: ಮನೆಯಿಂದ ದೂರ, ಬೇವಿನ ಮರದ ಕೆಳಗೆ, ಬಯಲಲ್ಲಿ. ಒಲೆ, ಬೀಡಿ, ದೀಪ, ಮೋಟಾರಿನ ಸ್ವಿಚ್ಚು ಯಾವುದೂ ಹತ್ತಿರ ಇರಬಾರದು. ಕತ್ತಲಾದ ಮೇಲೆ ಈ ಕೆಲಸವೇ ಇಲ್ಲ. ಮಳೆ ಇದ್ದರೆ ಮರುದಿನ.

ಯಂತ್ರ: ಓಡಿ ಬಂದ ಬೈಕು, ಬಿಸಿಯಾದ ಪಂಪು ಕಾಲು ಗಂಟೆಯಾದರೂ ಆರಬೇಕು. ಸೈಲೆನ್ಸರ್ ಮೇಲೆ ಕೈ ಇಡುವಂತಿದ್ದರೆ ಮಾತ್ರ ಮುಚ್ಚಳ ತೆಗೀತೀವಿ. ಹೊಲದ ನಡುವೆ ಪೆಟ್ರೋಲು ಮುಗಿದರೆ ಅವಸರ ಮಾಡುವುದು ಇಲ್ಲೇ. ಪಂಪನ್ನು ಬೆನ್ನಿಂದ ಇಳಿಸಿ, ನೀರು ಕುಡಿದು, ಕೂತು ಎದ್ದ ಮೇಲೆ ಹಾಕಿ.

ತೆಗೆಯುವುದು: ಹಳೇ ಕಾರ್ಬುರೇಟರ್ ಬೈಕಿಗೆ ಟ್ಯಾಂಕಿನ ಕೆಳಗೆ ಕಾಕ್ ಇರುತ್ತೆ. ಅದನ್ನು ಬಂದ್ ಮಾಡಿ, ಕಾರ್ಬುರೇಟರಿಗೆ ಹೋಗುವ ಪೈಪು ಬಿಚ್ಚಿ ಡಬ್ಬಿಗೆ ಬಿಟ್ಟು, ಕಾಕ್ ತಿರುಗಿಸಿದರೆ ತಾನಾಗಿ ಇಳಿಯುತ್ತೆ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಬೈಕುಗಳು ಹೆಚ್ಚಿನವು ಇಂಜೆಕ್ಷನ್‌ನವು. ಅವುಗಳ ಪೈಪಿನಲ್ಲಿ ಒತ್ತಡ ಇರುತ್ತೆ, ಬಿಚ್ಚಬೇಡಿ. ಅದಕ್ಕೆ ನಡುವೆ ರಬ್ಬರ್ ಉಂಡೆ ಇರುವ ಪೈಪು ತಂದಿದ್ದೇವೆ. ಒಂದು ತುದಿ ಟ್ಯಾಂಕಿಗೆ, ಇನ್ನೊಂದು ಡಬ್ಬಿಗೆ ಬಿಟ್ಟು ಉಂಡೆ ಹಿಸುಕಿದರೆ ಪೆಟ್ರೋಲು ಬರುತ್ತೆ. ಅದರ ಬೆಲೆ ಎರಡು ಲೀಟರ್ ಪೆಟ್ರೋಲಿನಷ್ಟೂ ಆಗಲಿಲ್ಲ. 22 ದಿನದ ಆಸ್ಪತ್ರೆ ಖರ್ಚಿನ ಮುಂದೆ ಅದೆಷ್ಟು ಅಂತ ನೀವೇ ಲೆಕ್ಕ ಹಾಕಿ.

ಡಬ್ಬಿ: ನೆಲದ ಮೇಲೇ ಇಡಬೇಕು. ಬೈಕಿನ ಸೀಟಿನ ಮೇಲೋ, ಟ್ರ್ಯಾಲಿಯ ಪ್ಲಾಸ್ಟಿಕ್ ಹಾಸಿನ ಮೇಲೋ ಇಟ್ಟು ತುಂಬಿದರೆ ಹರಿಯುವ ಪೆಟ್ರೋಲಿನಿಂದಲೇ ವಿದ್ಯುತ್ ಕೂಡಿ ಕಿಡಿ ಹಾರಬಹುದು. ಶುರು ಮಾಡುವ ಮುಂಚೆ ಬರಿಗೈಲಿ ಬೈಕಿನ ಕಬ್ಬಿಣ ಮುಟ್ಟಿ. ತಗಡಿನ ಲಾಳಿಕೆ ಡಬ್ಬಿಗೆ ತಾಗಿಕೊಂಡೇ ಇರಲಿ, ನಿಧಾನವಾಗಿ ಸುರಿಯಿರಿ. ಬಾಯಿ ತನಕ ತುಂಬಬೇಡಿ, ನಾಲ್ಕು ಬೆರಳು ಖಾಲಿ ಬಿಡಿ. ಬಿಸಿಲಿಗೆ ಪೆಟ್ರೋಲು ಹಿಗ್ಗುತ್ತೆ.

ಆಯಿಲ್: ಟೂ ಸ್ಟ್ರೋಕ್ ಯಂತ್ರಕ್ಕೆ ಆಯಿಲ್ ಬೆರೆಸುವುದನ್ನೂ ಬೇರೆ ಡಬ್ಬಿಯಲ್ಲೇ ಮಾಡಿ, ಯಂತ್ರದ ಟ್ಯಾಂಕಿನಲ್ಲಿ ಬೇಡ. ಕಂಪನಿ 50ಕ್ಕೆ 1 ಅಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂದಿದ್ದರೆ 40 ಮಿ.ಲೀ.

ಇಡುವುದು, ಕಾಯುವುದು

1934ರ ಪೆಟ್ರೋಲಿಯಂ ಕಾಯಿದೆ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್ ತನಕ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಗಾಜಿನದಾದರೆ ಒಂದು ಲೀಟರ್ ಮೀರಬಾರದು, ಲೋಹದ ಡಬ್ಬಿಯಾದರೆ 25 ಲೀಟರ್. ಮುಚ್ಚಳ ಬಿಗಿಯಾಗಿರಬೇಕು. ಇಡಬಹುದು ಅಂತ ತುಂಬಿಡಬೇಡಿ. ನಾವು ಎರಡು ಲೀಟರಿಗಿಂತ ಹೆಚ್ಚು ಇಡಲ್ಲ. ಅದೂ ಮನೆಯೊಳಗಲ್ಲ, ಮೇವಿನ ಬಣವೆ ಹತ್ತಿರವಲ್ಲ, ಗೊಬ್ಬರದ ಕೋಣೆಯಲ್ಲೂ ಅಲ್ಲ. ನೀರಿನ ಬಾಟ್ಲಿಗೆ ಮಾತ್ರ ಹಾಕಲೇಬೇಡಿ. ಬಾಯಾರಿದ ಮಗುವಿಗೆ ಅದು ನೀರೇ. ಡಬ್ಬಿಗೆ ಕೆಂಪು ಬಣ್ಣ ಬಳಿದಿದ್ದೇವೆ. ಓದು ಬಾರದವರಿಗೂ ಗೊತ್ತಾಗುತ್ತೆ.

ಪೆಟ್ರೋಲು ತುಂಬುವಾಗ ಪಕ್ಕದಲ್ಲಿ ಒಂದು ಬಕೆಟ್ ಮರಳು, ಒಂದು ಒದ್ದೆ ಗೋಣಿ ಚೀಲ ಇರಲೇಬೇಕು. ಹತ್ತಿಕೊಂಡರೆ ಬೆಂಕಿಗೆ ನೀರು ಹಾಕಬೇಡಿ. ಬೆಂಕಿ ಆರಿಸಿದ ಮೇಲೆ ಸುಟ್ಟ ಮೈಗೆ ಮಾತ್ರ 20 ನಿಮಿಷ ತಣ್ಣೀರು ಬಿಡಿ. ಪೇಸ್ಟು, ಇಂಕು, ಎಣ್ಣೆ ಏನೂ ಹಚ್ಚದೆ ಆಸ್ಪತ್ರೆಗೆ ಹೋಗಿ. ಬಟ್ಟೆಗೆ ಪೆಟ್ರೋಲು ಚೆಲ್ಲಿದ್ದರೆ ಒಲೆ ಹತ್ತಿರ ಸುಳಿಯದೆ ಹೊರಗೇ ಕಳಚಿ ಗಾಳಿಗೆ ಹಾಕಿ.

ಈಗ ನಮ್ಮಲ್ಲಿ ಪೆಟ್ರೋಲು ತೆಗೆಯುವವನು ತಮ್ಮನ ಮಗನೇ. ಮುಚ್ಚಳಕ್ಕೆ ಕೈ ಹಾಕುವ ಮೊದಲು ನನ್ನ ಕಡೆ ನೋಡ್ತಾನೆ. "ದೊಡ್ಡಪ್ಪಾ, ಒಲೆ?" ಅಂತಾನೆ. ನಾನು ಎದ್ದು ಬಚ್ಚಲಿಗೆ ಹೋಗಿ, ಬೂದಿ ಕೆದಕಿ, ನೀರು ಚಿಮುಕಿಸಿ ಬಂದ ಮೇಲೇ ಅವನು ಮುಚ್ಚಳ ತಿರುಗಿಸುವುದು.