ಸಹಿಯಿಲ್ಲದ ತಂತ್ರಾಂಶ

ಮುಖ್ಯೋಪಾಧ್ಯಾಯರ ಸಹಿಯಿಲ್ಲದ ಅಂಕಪಟ್ಟಿಯನ್ನು ಯಾರೂ ಒಪ್ಪುವುದಿಲ್ಲ. ಕಂಪ್ಯೂಟರಿನ ತಂತ್ರಾಂಶಗಳಿಗೂ ಅಂಥದೇ ಸಹಿಯುಂಟು. ಅದನ್ನು ಯಾರು ತಯಾರಿಸಿದರು, ನಡುದಾರಿಯಲ್ಲಿ ಯಾರಾದರೂ ತಿದ್ದಿದರೇ ಎಂಬುದನ್ನು ಆ ಸಹಿ ತಿಳಿಸುತ್ತದೆ. ಪೂರ್ಣ ಬಿಡುಗಡೆಗೆ ಮುನ್ನ ಪರೀಕ್ಷೆಗಾಗಿ ಹೊರಬರುವ 'ಬೀಟಾ' ಆವೃತ್ತಿಗಳಿಗೆ ಅನೇಕ ವೇಳೆ ಸಹಿ ಇರುವುದಿಲ್ಲ. ಸಹಿಗೆ ಹಣ ತೆರಬೇಕಾದುದರಿಂದ ಸಣ್ಣ ತಯಾರಕರು ಅದನ್ನು ಬಿಡುವುದೂ ಉಂಟು. ಸಹಿಯಿಲ್ಲದ್ದೆಲ್ಲ ಕೆಟ್ಟದ್ದಲ್ಲ; ಆದರೆ ಪರೀಕ್ಷಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ.

2017ರ ಮೇ ತಿಂಗಳಲ್ಲಿ 'ಹ್ಯಾಂಡ್‌ಬ್ರೇಕ್' ಎಂಬ ವಿಡಿಯೋ ತಂತ್ರಾಂಶವನ್ನು ಹಂಚುವ ಒಂದು ಸರ್ವರಿಗೆ ಕಳ್ಳರು ನುಗ್ಗಿದರು. ಮ್ಯಾಕ್ ಕಂಪ್ಯೂಟರುಗಳಿಗಾಗಿ ಇದ್ದ ಕಡತವನ್ನು ತೆಗೆದು, ಪಾಸ್‌ವರ್ಡ್ ಕದಿಯುವ ಕಡತವನ್ನು ಅದೇ ಹೆಸರಿನಲ್ಲಿ ಇಟ್ಟರು. ತಯಾರಕರು ಪ್ರಕಟಿಸಿದ ಗುರುತುಸಂಖ್ಯೆಯೊಡನೆ ಹೋಲಿಸಿದರೆ ಮೋಸ ಬಯಲಾಗುತ್ತಿತ್ತು. ಎಸ್‌ಎಚ್‌ಎ-256 ಎಂಬ ಈ ಗುರುತಿನಲ್ಲಿ ಅಂಕಿ, ಅಕ್ಷರ ಸೇರಿ 64 ಇರುತ್ತವೆ. ಕಡತದಲ್ಲಿ ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ.

ಆದುದರಿಂದ ಮೊದಲು ಪಾಠದ ಟಿಪ್ಪಣಿ, ಮನೆಯವರ ಫೋಟೋಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಅದನ್ನು ಕಳಚಿಡಿ. ತಯಾರಕರ ಸ್ವಂತ ತಾಣದಿಂದಲೇ ಕಡತವನ್ನು ಇಳಿಸಿಕೊಳ್ಳಿ. ವಿಂಡೋಸಿನಲ್ಲಿರುವ 'ಸರ್ಟ್‌ಯುಟಿಲ್' ಉಪಕರಣದಿಂದ ಗುರುತು ತೆಗೆದು ಹೋಲಿಸಿ. ಬಳಿಕ ವೈರಸ್ ತಪಾಸಣೆ ಮಾಡಿ; ಅಳವಡಿಸಲು ಆ ರಕ್ಷಣೆಯನ್ನೇ ಆರಿಸಿರೆಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಗುರುತು ಹೊಂದಿದರೆ ಕಡತ ಬದಲಾಗಿಲ್ಲವೆಂದಷ್ಟೇ ಅರ್ಥ, ದೋಷವಿಲ್ಲವೆಂದಲ್ಲ. ತಂದೆತಾಯಿಯರು ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಇಂಥ ಪ್ರಯೋಗ ಬೇಡ. ಮಕ್ಕಳೇ, ಹೊಸದನ್ನು ಕಲಿಯುವ ಕುತೂಹಲ ಒಳ್ಳೆಯದು. ಅದರೊಡನೆ ಎಚ್ಚರವೂ ಇರಲಿ.