ಜಿಡ್ಡಿನ ಪಥ್ಯವೂ ಪಿತ್ತಕೋಶದ ಕಲ್ಲೂ

ಕಳೆದ ಶ್ರಾವಣದಲ್ಲಿ ನಮ್ಮ ವಿನೋಬನಗರದ ತಾಯಿಯೊಬ್ಬರು ಹೊಟ್ಟೆನೋವೆಂದು ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಐವತ್ತರ ಆಸುಪಾಸು, ಹತ್ತು ವರ್ಷಗಳ ಸಕ್ಕರೆ ಕಾಯಿಲೆ. ಮೊಬೈಲಿನಲ್ಲಿ ನೋಡಿ ಅನ್ನ, ರೊಟ್ಟಿ, ಮುದ್ದೆಗಳನ್ನು ಪೂರ್ಣವಾಗಿ ಬಿಟ್ಟಿದ್ದರು. ಅವುಗಳ ಬದಲಿಗೆ ಬೆಣ್ಣೆ, ತುಪ್ಪ, ಪನೀರು, ಕೊಬ್ಬರಿ, ಶೇಂಗಾ. ಮೊದಲ ತಿಂಗಳಲ್ಲೇ 8 ಕಿಲೋ ತೂಕ ಇಳಿದಿತ್ತು, ಸಕ್ಕರೆಯೂ ತಗ್ಗಿತ್ತು. ನಾನು ನಾಡಿ ನೋಡಿ, ವಾತದ ನೋವೆಂದು ಬಗೆದು, ಹಿಂಗ್ವಾಷ್ಟಕ ಚೂರ್ಣ ಕೊಟ್ಟು ಕಳುಹಿಸಿದೆ. ನಾಲ್ಕನೆಯ ದಿನ ಅವರು ಚಳಿಜ್ವರ ಬಂದು, ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರಿದರು. ಪಿತ್ತಕೋಶದಿಂದ ಜಾರಿದ ಕಲ್ಲೊಂದು ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಈಗ ಗುಣವಾಗಿದ್ದಾರೆ. ಆದರೆ ನೋವು ಎಲ್ಲಿ ಏಳುತ್ತದೆ, ಏನು ಉಂಡ ಮೇಲೆ ಏಳುತ್ತದೆ ಎಂದು ನಾನು ಕೇಳಬೇಕಿತ್ತು. ಇಷ್ಟು ವರ್ಷಗಳ ಅನುಭವವಿದ್ದೂ ಕೇಳಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ಸ್ರವಿಸುತ್ತದೆ. ಅದರ ಕೆಳಗಿರುವ ಪಿತ್ತಕೋಶವು 30ರಿಂದ 50 ಮಿಲಿಲೀಟರಿನಷ್ಟು ಹಿಡಿಯುವ ಪುಟ್ಟ ಚೀಲ. ಅಲ್ಲಿ ಪಿತ್ತರಸವು ನೀರಿನಂಶ ಕಳೆದುಕೊಂಡು ಗಟ್ಟಿಯಾಗಿ ಕಾದಿರುತ್ತದೆ. ಜಿಡ್ಡಿನ ಆಹಾರವು ಜಠರದಿಂದ ಸಣ್ಣಕರುಳಿಗೆ ಇಳಿದೊಡನೆ ಕರುಳು ಒಂದು ರಸದೂತವನ್ನು ಕಳುಹಿಸುತ್ತದೆ, ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಆಹಾರವು ಆಮಾಶಯದಿಂದ ಜಾರುವಾಗ ಅಚ್ಛಪಿತ್ತವು ಹೊರಡುತ್ತದೆಂದು ಚರಕ ಸಂಹಿತೆಯ ಗ್ರಹಣಿ ಚಿಕಿತ್ಸೆಯ ಅಧ್ಯಾಯದಲ್ಲಿಯೂ ಹೇಳಿದೆ. ಆದರೆ ಪಿತ್ತಕೋಶದ ಕಲ್ಲನ್ನು ನಮ್ಮ ಪ್ರಾಚೀನರು ಪ್ರತ್ಯೇಕವಾಗಿ ವರ್ಣಿಸಿಲ್ಲ. ಪಿತ್ತಾಶ್ಮರಿ ಎಂಬುದು ಈಚಿನವರು ಕಟ್ಟಿದ ಹೆಸರು.

ಚೀಲದೊಳಗೆ ಕಲ್ಲಿದ್ದು, ಒಂದೇ ಹೊತ್ತಿಗೆ ಬಹಳ ಜಿಡ್ಡು ಇಳಿದರೆ, ಚೀಲವು ಬಲವಾಗಿ ಹಿಂಡಿಕೊಂಡು ಕಲ್ಲನ್ನು ಬಾಯಿಗೆ ತಂದು ಒತ್ತುತ್ತದೆ. ಆಗ ಬಲಪಕ್ಕೆಯ ಕೆಳಗೆ ಅಥವಾ ಎದೆಗುಂಡಿಯ ಕೆಳಗೆ ನೋವೆದ್ದು, ಬಲ ಹೆಗಲ ಹಿಂಬದಿಗೆ ಹರಿದು, ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಬಿಡದೆ ಕಾಡುತ್ತದೆ. ತೇಗು ಬಂದರೂ ಅಪಾನವಾಯು ಸರಿದರೂ ಇಳಿಯದ ನೋವಿದು. ಗ್ಯಾಸ್ ಎಂದು ಸೋಡಾ ಕುಡಿದು ಮಲಗುವವರು ಇದನ್ನು ಗಮನಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ನೋವೂ ಇದೇ ಜಾಗದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ಇಸಿಜಿಯನ್ನೂ ಮಾಡಿಸುವುದು ಕ್ಷೇಮ.

ಹಾಗಾದರೆ ಜಿಡ್ಡೇ ಕಲ್ಲನ್ನು ಹುಟ್ಟಿಸಿತೇ? ವಿಷಯ ಅಷ್ಟು ಸರಳವಲ್ಲ. ತೂಕವು ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದಾಗ ದೇಹದ ಕೊಬ್ಬು ಕರಗಿ, ಪಿತ್ತರಸಕ್ಕೆ ಕೊಲೆಸ್ಟರಾಲ್ ಹೆಚ್ಚಾಗಿ ಸೇರುತ್ತದೆ, ಅದು ಹರಳುಗಟ್ಟುತ್ತದೆ. ಮೇಲಾಗಿ ದೀರ್ಘ ಉಪವಾಸ ಮಾಡುವವರಲ್ಲಿಯೂ, ಜಿಡ್ಡನ್ನು ಸಂಪೂರ್ಣ ವರ್ಜಿಸಿದವರಲ್ಲಿಯೂ ಚೀಲ ಖಾಲಿಯಾಗದೆ ರಸವು ನಿಂತು ಕಲ್ಲಿಗೆ ಅವಕಾಶವಾಗುತ್ತದೆ. ಆದುದರಿಂದ ಊಟದಲ್ಲಿ ಒಂದೆರಡು ಚಮಚ ತುಪ್ಪ ಪಿತ್ತಕೋಶಕ್ಕೆ ಹಿತವೇ. ಮೊದಲು ತೂಕ ಭರದಿಂದ ಇಳಿದು ಕಲ್ಲು ಹುಟ್ಟುವುದು, ಅನಂತರ ಅದೇ ಪಥ್ಯದ ಜಿಡ್ಡು ಆ ಕಲ್ಲನ್ನು ಕೆಣಕುವುದು, ಇದು ಕೀಟೋ ಪಥ್ಯದಲ್ಲಿರುವ ತೊಡಕು.

ಲೆಕ್ಕ ಹಾಕಿ ನೋಡಿ. 1600 ಕ್ಯಾಲೊರಿಯ ಕೀಟೋ ಪಥ್ಯದಲ್ಲಿ ಮುಕ್ಕಾಲು ಪಾಲಿನಷ್ಟು ಶಕ್ತಿ ಜಿಡ್ಡಿನಿಂದ ಬರಬೇಕು, ಎಂದರೆ ದಿನಕ್ಕೆ ಸುಮಾರು 130 ಗ್ರಾಂ. ಒಂದು ಚಮಚ ತುಪ್ಪ 5 ಗ್ರಾಂ. ಹೀಗೆ 26 ಚಮಚ! ನೂರು ಗ್ರಾಂ ಶೇಂಗಾದಲ್ಲಿ 48 ಗ್ರಾಂ ಜಿಡ್ಡಿದೆ. ನಮ್ಮ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುವವರನ್ನು ಬೈಯುವುದು ವೈದ್ಯರಿಗೆ ರೂಢಿ. ದೋಸೆಯನ್ನು ಬಿಟ್ಟು ಬೆಣ್ಣೆಯನ್ನಷ್ಟೇ ಹಿಡಿದವರನ್ನು ಈಗ ನೋಡುತ್ತಿದ್ದೇನೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ರಸೆಲ್ ವೈಲ್ಡರ್ ಈ ಪಥ್ಯವನ್ನು ಸೂಚಿಸಿದ್ದು ಅಪಸ್ಮಾರ ರೋಗಿಗಳಿಗಾಗಿ, ವೈದ್ಯರ ಕಣ್ಗಾವಲಿನಲ್ಲಿ.

ಪಿಷ್ಟ ತಗ್ಗಿಸಬೇಕೆನ್ನುವವರು ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲಿ. ನಮ್ಮೂರಿನ ಚಿಗಟೇರಿ ಜಿಲ್ಲಾಸ್ಪತ್ರೆಯಂಥಲ್ಲಿಯೇ ಆಗುವ ಕೆಲಸವದು. ಕಲ್ಲಿದ್ದು ನೋವೇ ಇಲ್ಲದಿದ್ದರೆ ಗಾಬರಿ ಬೇಡ, ಅಂಥ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಮಾತ್ರ ತೊಂದರೆ ಕಾಣಿಸಿಕೊಳ್ಳುತ್ತದೆ. ಆದರೆ ನೋವು ಒಮ್ಮೆ ಬಂದು ಹೋಗಿದ್ದರೆ ಕೀಟೋ ಪಥ್ಯ ಸಲ್ಲದು. ಒಂದು ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಸೊಪ್ಪು, ಕೆನೆ ತೆಗೆದ ಮಜ್ಜಿಗೆ, ಹೊತ್ತಿಗೆ ಎರಡು ಚಮಚ ಮೀರದ ಎಣ್ಣೆ ಅಥವಾ ತುಪ್ಪ, ಇಷ್ಟರಲ್ಲಿ ಸಕ್ಕರೆಯೂ ಹಿಡಿತಕ್ಕೆ ಬರುತ್ತದೆ. ತೂಕ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಪಿಷ್ಟ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಯವರಿಗೆ ರಕ್ತ ಆಮ್ಲವಾಗುವ ಭಯವಿದೆ. ಮಾತ್ರೆ ಕೊಟ್ಟ ವೈದ್ಯರನ್ನು ಕೇಳದೆ ಪಥ್ಯ ಬದಲಿಸಬಾರದು.

ನಮ್ಮ ಶಾಸ್ತ್ರದವರಿಗೂ ಎರಡು ಮಾತು ಹೇಳಬೇಕು. ಪಾಷಾಣಭೇದ, ವರುಣ ಕಷಾಯಗಳನ್ನು ಹೇಳಿದ್ದು ಮೂತ್ರಾಶ್ಮರಿಗೆ. ಅವುಗಳಿಂದ ಪಿತ್ತಕೋಶದ ಕಲ್ಲು ಕರಗಿದ್ದನ್ನು ನಾನು ಸ್ಕ್ಯಾನಿಂಗಿನಲ್ಲಿ ಒಮ್ಮೆಯೂ ಕಂಡಿಲ್ಲ. ಪಂಚಕರ್ಮಕ್ಕೆ ಮುನ್ನ ದಿನದಿನಕ್ಕೆ ಏರಿಸುತ್ತ ತುಪ್ಪ ಕುಡಿಸುವ ಸ್ನೇಹಪಾನವನ್ನು ಕಲ್ಲಿನ ನೋವಿದ್ದವರಿಗೆ ಮಾಡಿಸುವುದು ತರವಲ್ಲ. ಅಡುಗೆಯ ಅರಿಶಿನ ಸರಿ, ಅರಿಶಿನದ ಮಾತ್ರೆಗಳು ಬೇಡ, ಅವು ಪಿತ್ತಕೋಶವನ್ನು ಹಿಂಡುತ್ತವೆ. ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಕಲ್ಲುಗಳು ಮಲದಲ್ಲಿ ಬೀಳುತ್ತವೆಂಬ ಮಾತೂ ಹರಿದಾಡುತ್ತಿದೆ. ಹಾಗೆ ಬಿದ್ದ ಹಸಿರು ಉಂಡೆಗಳನ್ನು ಪರೀಕ್ಷಿಸಿದ ವೈದ್ಯರು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಅವುಗಳಲ್ಲಿ ಕೊಲೆಸ್ಟರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಸುಣ್ಣವೂ ಇಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿ ಉಂಡೆಗಟ್ಟಿತ್ತು.

ನೋವು ಮರುಕಳಿಸುತ್ತಿದ್ದರೆ ಶಸ್ತ್ರಚಿಕಿತ್ಸೆಯೇ ದಾರಿ. ಪಿತ್ತಕೋಶ ತೆಗೆದ ಮೇಲೂ ಯಕೃತ್ತಿನಿಂದ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತಿರುತ್ತದೆ. ಕೆಲವರಿಗೆ ಕೆಲದಿನ ಭೇದಿ ಕಾಡಬಹುದು. ಜಿಡ್ಡನ್ನು ಸ್ವಲ್ಪ ಸ್ವಲ್ಪವಾಗಿ ಹಂಚಿ ಉಣ್ಣಬೇಕು. ನೋವು ಐದು ಗಂಟೆ ಮೀರಿದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಪ್ಪಿಟ್ಟರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ನನ್ನ ಚೂರ್ಣವಿದ್ದರೂ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಮಠದ ದಾಸೋಹಕ್ಕೆ ಬಂದಾಗ ಏನು ಮಾಡಲೆಂದು ಆ ತಾಯಿ ಕೇಳಿದರು. ಪ್ರಸಾದವನ್ನು ಬಿಡುವಂತಿಲ್ಲ, ಹೋಳಿಗೆಯ ಮೇಲೆ ತುಪ್ಪದ ಧಾರೆ ಬೀಳುತ್ತದೆ. ಬಡಿಸುವವರಿಗೆ ಮೊದಲೇ ಕೈ ಅಡ್ಡಹಿಡಿದು ಅರ್ಧ ಹೋಳಿಗೆ, ಒಂದು ಚಮಚ ತುಪ್ಪ ಸಾಕೆಂದು ಹೇಳಿ ಎಂದೆ. ಈಗ ಹಾಗೆಯೇ ಮಾಡುತ್ತಿದ್ದಾರಂತೆ.