ಸೆಮಿನಾರು ಮತ್ತು ಇಂಗ್ಲಿಷ್ ಮಾತುಗಾರಿಕೆ

ಇಂಗ್ಲಿಷ್ ಪಾಠವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ, ಪ್ರಶ್ನೆಗೆ ಎರಡು ಪುಟ ಉತ್ತರ ಬರೆಯಬಲ್ಲ ವಿದ್ಯಾರ್ಥಿಯು ಹತ್ತು ಮಂದಿಯ ಎದುರಿಗೆ ಅದೇ ಭಾಷೆಯಲ್ಲಿ ನಾಲ್ಕು ಮಾತನಾಡಬೇಕಾದಾಗ ಮೂಕನಾಗುವುದೇಕೆ? ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಅಂದಮೇಲೆ ಬಿ.ಎ. ಮುಗಿಸುವ ಹೊತ್ತಿಗೆ ನಮ್ಮದು 15 ವರ್ಷಗಳ ಕಲಿಕೆ. ಆದರೂ ಕೆಲಸದ ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಆ ಭಾಷೆಯನ್ನು ಕೇಳಿ ಬೆಳೆದವರಿಗೆ ಈ ತೊಡಕು ಅಷ್ಟಿಲ್ಲ. ನನ್ನಂತೆ ಮನೆಗೆ ಮೊದಲ ಪದವೀಧರನಾಗಲಿರುವವನಿಗಾದರೋ ತರಗತಿಯೊಂದೇ ಗತಿ.

ಇದು ನಮ್ಮ ನಾಡಿನ ಕಷ್ಟ ಮಾತ್ರವಲ್ಲ. ಕೆನಡಾ ದೇಶದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಓದುತ್ತಿದ್ದ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚನ್ನು ಚೆನ್ನಾಗಿ ತಿಳಿಯುತ್ತಿದ್ದರು. ಆದರೆ ಮಾತಿನಲ್ಲಿ ಹಿಂದುಳಿದಿದ್ದರು. ಮೆರಿಲ್ ಸ್ವೇನ್ ಎಂಬ ವಿದುಷಿ 1985ರಲ್ಲಿ ಇದಕ್ಕೆ ಕಾರಣ ಹುಡುಕಿದರು. ಕೇಳುವಾಗ ಪದಗಳ ಸುಳಿವು ಹಿಡಿದು ಅರ್ಥವನ್ನು ಊಹಿಸಬಹುದು. ಆಡುವಾಗ ಕರ್ತೃ, ಕರ್ಮ, ಕ್ರಿಯಾಪದಗಳನ್ನು ನಾವೇ ಜೋಡಿಸಬೇಕು. ಆ ಜೋಡಣೆಯ ಅಭ್ಯಾಸ ಕೇಳುವುದರಿಂದ ಮಾತ್ರ ಬಾರದು.

ಸೆಮಿನಾರಿನ ಪ್ರಯೋಜನವಿರುವುದು ಇಲ್ಲಿಯೇ. ಆದರೆ ಅದು ನಡೆಯುವ ರೀತಿಯನ್ನು ಮಿತ್ರರೆಲ್ಲರೂ ಬಲ್ಲರು: ಮೊಬೈಲಿನಿಂದ ಇಳಿಸಿದ ಎರಡು ಹಾಳೆಯನ್ನು ಉರುಹೊಡೆದು, ಗೋಡೆ ನೋಡುತ್ತ ಒಪ್ಪಿಸಿ, ಚಪ್ಪಾಳೆ ಬೀಳುವ ಮೊದಲೇ ಕೂತುಬಿಡುವುದು! ಇದರಲ್ಲಿ ಜೋಡಣೆಯ ಕೆಲಸವೇ ಇಲ್ಲ. ನಮ್ಮ ಘಟ್ಟದ ಕೆಳಗಿನ ತಾಳಮದ್ದಳೆಯನ್ನು ನೋಡಿದವರಿಗೆ ವ್ಯತ್ಯಾಸ ತಿಳಿದೀತು. ಅರ್ಥಧಾರಿಗೆ ಪ್ರಸಂಗ ಗೊತ್ತು, ಭಾಗವತರ ಪದ್ಯ ಗೊತ್ತು. ಮಾತು ಮಾತ್ರ ಆಯಾ ಕ್ಷಣದ್ದು. ಸೆಮಿನಾರಿಗೂ ಐದಾರು ಪದಗಳ ಚೀಟಿಯೊಂದು ಕೈಯಲ್ಲಿದ್ದರೆ ಸಾಕು, ವಾಕ್ಯಗಳು ಬೇಡ.

ವಿಷಯವೂ ನಾವು ಬಲ್ಲದ್ದಾಗಿರಬೇಕು, ಕೇಳುವವರು ಅರಿಯದ್ದಾಗಿರಬೇಕು. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು 'ಬೆಂಗಳೂರು ಯೋಜನೆ'ಯೆಂದು ಹೊರದೇಶಗಳಲ್ಲಿಯೂ ಹೆಸರಾಗಿದೆ. ಅವರು ಮಕ್ಕಳಿಂದ ಭಾಷಣ ಮಾಡಿಸಲಿಲ್ಲ. ನಕ್ಷೆ, ರೈಲಿನ ವೇಳಾಪಟ್ಟಿಗಳನ್ನು ಕೊಟ್ಟು ಇಂಗ್ಲಿಷಿನಲ್ಲಿ ಲೆಕ್ಕಾಚಾರ ಮಾಡಿಸಿದರು. ಮನಸ್ಸು ಅರ್ಥದಲ್ಲಿ ತೊಡಗಿದಾಗ ವ್ಯಾಕರಣ ಒಳಗೊಳಗೇ ಬೆಳೆಯುತ್ತದೆಂಬುದು ಅವರ ನಂಬಿಕೆ. ಆ ಮಾತು ಸೆಮಿನಾರಿಗೂ ಸಲ್ಲುತ್ತದೆಂದು ನನ್ನ ಎಣಿಕೆ.

ನನ್ನ ಸರದಿ ಬಂದಾಗ ನಾನು ಆರಿಸಿಕೊಂಡದ್ದು ನಮ್ಮ ಬಿಸಿಲೆಯ ದಿಣ್ಣೆಯನ್ನು. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿಗಳ ದಾರಿಯಲ್ಲಿ ಬಂಗಾಳ ಕೊಲ್ಲಿಗೆ. ಇಂಥ ಜಾಗಕ್ಕೆ ಇಂಗ್ಲಿಷಿನಲ್ಲಿ 'ವಾಟರ್‌ಶೆಡ್' ಎಂಬ ಪದವಿದೆಯಂತೆ. ಅದು ನನ್ನ ಬಳಿ ಇರಲಿಲ್ಲ. "ದಿ ಹಿಲ್ ಕಟ್ಸ್ ದಿ ರೈನ್ ಇನ್ ಟು" ಎಂದೆ, ಎಲ್ಲರಿಗೂ ತಿಳಿಯಿತು. ಇಲ್ಲದ ಪದವನ್ನು ಇರುವ ಪದಗಳಿಂದ ಸುತ್ತಿಬಳಸಿ ಹೇಳುವ ಈ ಜಾಣ್ಮೆಯನ್ನು ಪುಸ್ತಕ ಕಲಿಸಲಾರದು.

ನ್ಯೂಜಿಲೆಂಡಿನ ಪಾಲ್ ನೇಷನ್ ಅವರು 1989ರಲ್ಲಿ ವಿವರಿಸಿದ ಅಭ್ಯಾಸವೊಂದು ಖರ್ಚಿಲ್ಲದ್ದು. ಒಂದೇ ವಿಷಯವನ್ನು ಒಬ್ಬನಿಗೆ 4 ನಿಮಿಷ, ಮತ್ತೊಬ್ಬನಿಗೆ 3 ನಿಮಿಷ, ಮೂರನೆಯವನಿಗೆ 2 ನಿಮಿಷ ಹೇಳುವುದು. ಕೇಳುಗ ಹೊಸಬನಾದ್ದರಿಂದ ಮಾತು ಹಳಸದು. ಹೊತ್ತು ಕಡಿಮೆಯಾದಂತೆ ತಡವರಿಕೆಯೂ ತಗ್ಗುತ್ತದೆ. ಹಾಸ್ಟೆಲಿನಲ್ಲಿ ಊಟದ ಸರದಿಗೆ ಕಾಯುವಾಗಲೂ ಇದನ್ನು ಮಾಡಬಹುದು.

ಗುರುಗಳಲ್ಲಿ ಒಂದೇ ಬಿನ್ನಹ: ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಗೆ ಹೇಳೋಣವಾಗಲಿ. ನಡುವೆ ತಡೆದರೆ ನಮ್ಮ ಗಮನ ವಿಷಯವನ್ನು ಬಿಟ್ಟು ವಿಭಕ್ತಿಯ ಕಡೆಗೆ ಓಡುತ್ತದೆ. ಪ್ರಶ್ನೋತ್ತರಕ್ಕೂ ಐದು ನಿಮಿಷ ಉಳಿಸಬೇಕು. ಚೀಟಿಯ ನೆರವಿಲ್ಲದೆ ನಡೆಯುವ ನಿಜವಾದ ಮಾತು ಅದೇ. ಅಂದು ಸಹಪಾಠಿಯೊಬ್ಬಳು ಎದ್ದು, ಆ ದಿಣ್ಣೆಯ ನೆತ್ತಿಯ ಮೇಲೆ ಮನೆಯೊಂದಿದ್ದರೆ ಅದರ ಮಾಡಿನ ನೀರು ಯಾವ ಸಮುದ್ರಕ್ಕೆ ಎಂದು ಇಂಗ್ಲಿಷಿನಲ್ಲಿಯೇ ಕೇಳಿದಳು. ಅರ್ಧ ಮಾಡಿನದು ಅತ್ತ, ಅರ್ಧದ್ದು ಇತ್ತ ಎಂದು ಹೇಗೋ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಇನ್ನೂ ಮೂರು ಕೈ ಎದ್ದಿದ್ದವು.